ಕೋಡ್ ರಿವ್ಯೂ: ಪಕ್ಕದಲ್ಲಿ ಕೂತೋ, ಗಿಟ್‌ಹಬ್‌ನಲ್ಲೋ, ಗೆರಿಟ್‌ನಲ್ಲೋ?

ಗಂಗಾವತಿ ಕಡೆಯ ಗಿರಣಿಗೆ ಭತ್ತ ಖರೀದಿಯ ಬಿಲ್ ಮಾಡುವ ಕೋಡ್ ಅಂದುಕೊಳ್ಳಿ. ಇಲ್ಲಿ ಭತ್ತದ ದರ ಹೇಳುವುದು 75 ಕೆಜಿ ಚೀಲಕ್ಕೆ. ವೇಬ್ರಿಡ್ಜ್ ತೂಕವನ್ನು 75ರಿಂದ ಭಾಗಿಸುವ ಸಾಲಿನಲ್ಲಿ ಪೂರ್ಣಾಂಕ ಭಾಗಾಕಾರ (ದಶಮಾಂಶ ಬಿಟ್ಟು ಪೂರ್ಣ ಸಂಖ್ಯೆಯನ್ನಷ್ಟೇ ಕೊಡುವುದು) ನುಸುಳಿದರೆ 10,000 ಕೆಜಿಗೆ 133 ಚೀಲ ಬರುತ್ತದೆ, 25 ಕೆಜಿ ಬಿಲ್ಲಿನಿಂದ ಮಾಯ. ಅದು ರೈತನ ದುಡ್ಡು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಪರೀಕ್ಷಿಸುವುದೇ ರಿವ್ಯೂ. ಇಂಥ ಬದಲಾವಣೆಗಳನ್ನು ಪಕ್ಕದಲ್ಲಿ ಕೂತು, ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ, ರಿವ್ಯೂಗೆಂದೇ ಇರುವ ತಂತ್ರಾಂಶ ಗೆರಿಟ್‌ನಲ್ಲಿ, ಹೀಗೆ ಮೂರೂ ರೀತಿಯಲ್ಲಿ ರಿವ್ಯೂ ಮಾಡಿ ನೋಡಿದ್ದೇವೆ. ತಪ್ಪು ಹುಡುಕುವುದರಲ್ಲಿ ಹೆಚ್ಚು ಕಡಿಮೆ ಮೂರೂ ಒಂದೇ. ಹೇಳಿದ್ದನ್ನು ಸರಿಯಾಗಿ ತಿದ್ದಿದ್ದಾರಾ ಎಂದು ಮತ್ತೆ ನೋಡುವ ಎರಡನೇ ಸುತ್ತಿನಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಪಕ್ಕದಲ್ಲಿ ಕೂತು ನೋಡುವುದು ವಿನ್ಯಾಸದ ಮಾತಿಗೆ ಒಳ್ಳೆಯದು. ಟೇಬಲ್ ಹೇಗಿರಬೇಕು, ಈ ಫಂಕ್ಷನ್ ಬೇಕೇ ಬೇಕಾ ಎಂಬುದು 10 ನಿಮಿಷದಲ್ಲಿ ತೀರುತ್ತದೆ. ಆದರೆ ಬರೆದವರೇ ವಿವರಿಸುತ್ತಾ ಹೋಗುವುದರಿಂದ ನಾವು ಓದುವುದು ಕೋಡನ್ನಲ್ಲ, ಅವರ ವಿವರಣೆಯನ್ನು. ಆಡಿದ ಮಾತಿಗೆ ದಾಖಲೆಯೂ ಇರುವುದಿಲ್ಲ.

ಗಿಟ್‌ಹಬ್‌ನಲ್ಲಿ ಸಾಲಿನ ಕೆಳಗೇ ಸಲಹೆಯ ಕೋಡ್ ಬರೆದರೆ ಮೂಲ ಕೋಡ್ ಬರೆದವರು ಒಂದೆರಡು ಕ್ಲಿಕ್‌ನಲ್ಲಿ ಒಪ್ಪಬಹುದು. ಆ ಕಮಿಟ್ (ಉಳಿಸಿದ ಬದಲಾವಣೆ) ಸರ್ವರ್‌ನಲ್ಲಿ ಸೇರುತ್ತದೆ. ಮೊದಲು ಪುಲ್ ಮಾಡದೆ (ಸರ್ವರ್‌ನದ್ದನ್ನು ಇಳಿಸಿಕೊಳ್ಳದೆ) ಪುಶ್ ಮಾಡಿದರೆ (ನಮ್ಮದನ್ನು ಕಳಿಸಿದರೆ) ತಿರಸ್ಕಾರವಾಗುತ್ತದೆ. ಇನ್ನೊಂದು ಎಡವಟ್ಟು: ರಿವ್ಯೂ ಶುರು ಮಾಡಿ ಕಾಮೆಂಟ್ ಬರೆದು ಸಬ್ಮಿಟ್ ಒತ್ತದಿದ್ದರೆ ಅವು ಪೆಂಡಿಂಗ್ ಆಗಿಯೇ ಉಳಿಯುತ್ತವೆ. ರಿವ್ಯೂ ಮಾಡಿದವರು ಉತ್ತರಕ್ಕೆ, ಕೋಡ್ ಬರೆದವರು ರಿವ್ಯೂಗೆ ಕಾಯುತ್ತಾ ಕೂರುತ್ತಾರೆ. ಎಲ್ಲಕ್ಕಿಂತ ತೊಂದರೆ ಕೊಡುವುದು ರಿವ್ಯೂ ನಡುವೆ ರೀಬೇಸ್ ಮಾಡಿ (ನಮ್ಮ ಕಮಿಟ್‌ಗಳನ್ನು ಹೊಸ ಮೂಲ ಕೋಡಿನ ಮೇಲೆ ಮತ್ತೆ ಕೂರಿಸಿ) ಫೋರ್ಸ್ ಪುಶ್ ಮಾಡುವುದು, ಅಂದರೆ ಸರ್ವರ್‌ನ ಹಳೆಯ ಕಮಿಟ್‌ಗಳ ಜಾಗಕ್ಕೆ ಬಲವಂತವಾಗಿ ಹೊಸದನ್ನು ಹಾಕುವುದು. ಹಳೆಯ ಕಾಮೆಂಟ್‌ಗಳು ಎಷ್ಟೋ ಸಲ ಔಟ್‌ಡೇಟೆಡ್ ಆಗಿ ಮಡಚಿಕೊಳ್ಳುತ್ತವೆ, ಹೊಸದೇನು ಎಂದು ತಿಳಿಯಲು ಹೆಚ್ಚು ಕಡಿಮೆ ಪೂರ್ತಿ ಮತ್ತೆ ಓದಬೇಕಾಗುತ್ತದೆ. ತಿದ್ದುಪಡಿಯನ್ನು ಬೇರೆ ಕಮಿಟ್ ಆಗಿಯೇ ಸೇರಿಸಿ, ಕೊನೆಗೆ ಸ್ಕ್ವಾಶ್ ಮಾಡಿ (ಎಲ್ಲವನ್ನೂ ಒಂದೇ ಕಮಿಟ್ ಆಗಿಸಿ) ಮರ್ಜ್ ಮಾಡಿ (ಮುಖ್ಯ ಕೋಡಿಗೆ ಸೇರಿಸಿ). ಒಪ್ಪಿಗೆ ಕೊಟ್ಟ ಮೇಲೆ ಹೊಸ ಪುಶ್ ಬಂದರೂ ಆ ಒಪ್ಪಿಗೆ ಹಾಗೇ ನಿಲ್ಲುತ್ತದೆ. ಅದು ರದ್ದಾಗುವಂತೆ ಬ್ರಾಂಚ್ ರಕ್ಷಣೆಯ (ಮುಖ್ಯ ಕೋಡಿಗೆ ಏನು ಸೇರಬಹುದೆಂಬ ನಿಯಮದ) ಸೆಟ್ಟಿಂಗ್ ಹಾಕಲೇಬೇಕು. ಹಣದ ಲೆಕ್ಕವಿರುವ ಕೋಡಿಗೆ ಇದರಲ್ಲಿ ರಿಯಾಯಿತಿ ಬೇಡ.

ಎರಡನೇ ಸುತ್ತಿಗೆ ಗೆರಿಟ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಪ್ರತಿ ತಿದ್ದುಪಡಿಯೂ ಹೊಸ ಪ್ಯಾಚ್‌ಸೆಟ್, ಅಂದರೆ ಅದೇ ಬದಲಾವಣೆಯ ಹೊಸ ಆವೃತ್ತಿ. 2ನೆಯದಕ್ಕೂ 3ನೆಯದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೆರೆದು ನೋಡಬಹುದು. ಬದಲಿಗೆ ಶಿಸ್ತು ಬೇಡುತ್ತದೆ. ಕಮಿಟ್ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟ್) ಹಾಕಿಕೊಳ್ಳದಿದ್ದರೆ ಚೇಂಜ್-ಐಡಿ (ಬದಲಾವಣೆಯ ಗುರುತು) ಇಲ್ಲವೆಂದು ಪುಶ್ ವಾಪಸ್ ಬರುತ್ತದೆ. ತಿದ್ದುವಾಗ ಅಮೆಂಡ್ ಮಾಡದೆ (ಇದ್ದ ಕಮಿಟನ್ನೇ ಬದಲಿಸದೆ) ಹೊಸ ಕಮಿಟ್ ಮಾಡಿದರೆ ಅದು ಬೇರೆಯೇ ಬದಲಾವಣೆಯಾಗಿ ಕೂರುತ್ತದೆ. ಗೆರಿಟ್‌ನಲ್ಲಿ ರಿವ್ಯೂ ಮಾಡುವವರು ಅಂಕ ಕೊಡುತ್ತಾರೆ. ಸಣ್ಣಪುಟ್ಟ ಆಕ್ಷೇಪಕ್ಕೆ -1 ಸಾಕು. ತಡೆ ಒಡ್ಡುವ -2 ಕೊಟ್ಟರೆ ಹೊಸ ಪ್ಯಾಚ್‌ಸೆಟ್ ಬಂದರೂ ಸಾಮಾನ್ಯವಾಗಿ ಅಂಟಿಕೊಂಡೇ ಇರುತ್ತದೆ, ಕೊಟ್ಟವರೋ ಅನುಮತಿ ಇರುವ ಅಡ್ಮಿನ್ನೋ ತೆಗೆಯಬೇಕು. ಅವರು ಯಾರೂ ಸಿಗದಿದ್ದರೆ ಕೆಲಸ ನಿಂತಂತೆ. ಸರ್ವರ್ ನೋಡಿಕೊಳ್ಳುವ ಹೊಣೆಯೂ ನಮ್ಮದೇ, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಆ ಕೋಣೆಯನ್ನು ತಂಪಾಗಿಡುವುದೂ ಸೇರಿ.

ನಾಲ್ಕೈದು ಜನರಿದ್ದರೆ ಮೇಲಿನ ಎರಡು ಕಟ್ಟುಪಾಡುಗಳೊಂದಿಗೆ (ತಿದ್ದುಪಡಿ ಬೇರೆ ಕಮಿಟ್ ಆಗಿರಲಿ, ಹೊಸ ಪುಶ್ ಬಂದರೆ ಒಪ್ಪಿಗೆ ರದ್ದಾಗಲಿ) ಗಿಟ್‌ಹಬ್ ಸಾಕು. ಒಂದರ ಮೇಲೊಂದು ನಿಂತ ಬದಲಾವಣೆಗಳು ದಿನವೂ ಬರುತ್ತಿದ್ದರೆ ಗೆರಿಟ್‌ಗೆ ಪಟ್ಟ ಶ್ರಮ ವ್ಯರ್ಥವಾಗದು. ಎಲ್ಲಿ ಬರೆದರೂ ಕಾಮೆಂಟ್‌ನಲ್ಲಿ ಇನ್‌ಪುಟ್, ಬಂದ ಫಲ, ಬೇಕಾದದ್ದು ಮೂರೂ ಇರಲಿ. "ಈ ಲೆಕ್ಕ ತಪ್ಪು" ಎಂದಷ್ಟೇ ಬರೆದರೆ ಕೋಡ್ ಬರೆದವರು ಊಹಿಸುತ್ತಾ ಕೂರಬೇಕು. "10,000 ಕೆಜಿ ಕೊಟ್ಟರೆ 133 ಚೀಲ ಮಾತ್ರ ಬರ್ತದ್ರೀ, ಉಳಿದ 25 ಕೆಜಿಗೂ ದರ ಹಚ್ಚಿ, ಇದೇ ತೂಕಕ್ಕೊಂದು ಟೆಸ್ಟ್ ಸೇರಿಸ್ರಿ" ಎಂದರೆ ಮರುಪ್ರಶ್ನೆಯೇ ಬರುವುದಿಲ್ಲ.