ಗೋಲ್ಡ್‌ಬಾಕ್ ಆಟಕ್ಕೆ ಕ್ಯಾಸಿಯೊ ಎಫ್‌ಎಕ್ಸ್-991ಇಎಕ್ಸ್

ಈ ಕ್ಯಾಲ್ಕುಲೇಟರ್‌ನ ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಬಗ್ಗೆ ಎಂಜಿನಿಯರಿಂಗ್‌ನವರು ಬರೆಯಲಿ. ನಾನು ಮನೆಯಲ್ಲಿ ಎಂಟು, ಒಂಬತ್ತನೇ ಕ್ಲಾಸಿನವರಿಗೆ ಟ್ಯೂಷನ್ ಹೇಳುವವಳು. ನನಗೆ ಬೇಕಿದ್ದದ್ದು ಫ್ಯಾಕ್ಟ್ (FACT), ಅಂದರೆ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವ ಸೌಲಭ್ಯ ಒಂದೇ. ಸಂಖ್ಯೆ ಹಾಕಿ ಈಕ್ವಲ್ ಒತ್ತಬೇಕು. ಆಮೇಲೆ ಶಿಫ್ಟ್, ಡಿಗ್ರಿ-ಮಿನಿಟ್ ಬಟನ್. ಅವಿಭಾಜ್ಯ ಅಪವರ್ತನಗಳು ಬಿಡಿಬಿಡಿಯಾಗಿ ಬರುತ್ತವೆ.

ನಮ್ಮ ಆಟ ಇಷ್ಟೇ: 2ಕ್ಕಿಂತ ದೊಡ್ಡ ಸಮಸಂಖ್ಯೆ ಕೊಟ್ಟರೆ ಅದನ್ನು ಎರಡು ಅವಿಭಾಜ್ಯಗಳ ಮೊತ್ತ ಮಾಡಬೇಕು. ಎಲ್ಲ ಸಮಸಂಖ್ಯೆಗೂ ಇದು ಆಗುತ್ತದೆ ಅನ್ನುವ ಊಹೆಯ ಮೂಲ 1742ರಲ್ಲಿ ಗೋಲ್ಡ್‌ಬಾಕ್ ಅನ್ನುವ ಗಣಿತಜ್ಞ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರ. ಕಂಪ್ಯೂಟರ್ ಇಟ್ಟು 4ರ ಮುಂದೆ 18 ಸೊನ್ನೆವರೆಗೆ ನೋಡಿದ್ದಾರೆ, ಎಲ್ಲೂ ತಪ್ಪಿಲ್ಲ. ಗಣಿತದ ಪ್ರೂಫ್ ಮಾತ್ರ ಇನ್ನೂ ಸಿಕ್ಕಿಲ್ಲ.

98 ಕೊಟ್ಟು ನೋಡಿ. 3 ಕಳೆದರೆ 95, 5 ಕಳೆದರೆ 93, ಎರಡೂ ಆಗಲ್ಲ. 7 ಕಳೆದರೆ 91. "ಮಿಸ್, ಸಿಕ್ತು!" ಅಂತ ಯಾರಾದರೂ ಕೂಗಿಯೇ ಕೂಗುತ್ತಾರೆ. ಫ್ಯಾಕ್ಟ್ ಒತ್ತಿದರೆ 7×13. ಕೊನೆಗೆ 19+79ಕ್ಕೆ ಹೋಗಿ ನಿಲ್ಲುತ್ತದೆ. ನನ್ನ ಮೆಚ್ಚಿನ ಸಂಖ್ಯೆ 992. ಅಲ್ಲಿ 989 ಬರುತ್ತದೆ, ನೋಡಲು ಥೇಟ್ ಅವಿಭಾಜ್ಯ, ಆದರೆ 23×43. ಆಮೇಲೆ 979, 973, ಎಲ್ಲ ಒಡೆಯುತ್ತವೆ. 961 ಅಂದರೆ 31ರ ವರ್ಗ. 73+919 ಬರುವವರೆಗೆ ಬಿಡುಗಡೆ ಇಲ್ಲ. ಮೊಬೈಲ್ ಆ್ಯಪ್ ಆದರೆ ಉತ್ತರವನ್ನೇ ಎಸೆದುಬಿಡುತ್ತದೆ. ಈ ಕ್ಯಾಲ್ಕುಲೇಟರ್ ಆದರೆ ಒಂದೊಂದು ಸಂಖ್ಯೆ ಯಾಕೆ ಆಗಲಿಲ್ಲ ಅಂತ ತೋರಿಸುತ್ತದೆ. ಅದಕ್ಕೇ ನನಗೆ ಇಷ್ಟ.

ದೊಡ್ಡ ಸಂಖ್ಯೆಗೆ ಮಾತ್ರ ಇದನ್ನು ನಂಬಿ ಕೂರಬೇಡಿ. ಹತ್ತು ಅಂಕಿವರೆಗೆ ತೆಗೆದುಕೊಳ್ಳುತ್ತದೆ ನಿಜ. ಆದರೆ ಮೂರಂಕಿ ದಾಟಿದ ಎರಡು ಅವಿಭಾಜ್ಯಗಳ ಗುಣಲಬ್ಧ ಕೊಟ್ಟರೆ ಕೈ ಚೆಲ್ಲುತ್ತದೆ. 1009×1013, ಅಂದರೆ 1022117 ಹಾಕಿ. ಸುಮ್ನೆ ಅದನ್ನೇ ಬ್ರಾಕೆಟ್‌ನಲ್ಲಿ ಇಟ್ಟು ತೋರಿಸುತ್ತದೆ. ಅಷ್ಟೇ ದೊಡ್ಡ ಅವಿಭಾಜ್ಯ ಹಾಕಿದರೂ ಅದೇ ಬ್ರಾಕೆಟ್. ಆಗ ಯಾವುದು ಯಾವುದು ಅಂತ ಹೇಗೆ ಹೇಳೋದು, ಅಲ್ವಾ? ಮ್ಯಾನ್ಯುಯಲ್‌ನಲ್ಲಿ ಈ ಮಿತಿ ಬರೆದಿದೆ, ಓದುವವರು ಕಡಿಮೆ. ಇದರಲ್ಲಿ ಪ್ರೋಗ್ರಾಂ ಬರೆಯಲೂ ಆಗುವುದಿಲ್ಲ, ಪ್ರತಿ ಸಂಖ್ಯೆಯನ್ನೂ ಕೈಯಲ್ಲೇ ಒತ್ತಬೇಕು. ಸಾವಿರದೊಳಗೆ ಆಡುವವರಿಗೆ ಇದ್ಯಾವುದೂ ಅಡ್ಡಿಯಲ್ಲ.

ಬರೀ ಈ ಆಟಕ್ಕೆ ಹೊಸದು ಕೊಳ್ಳುವುದು ದಂಡ. ಮನೆಯಲ್ಲಿ ಅಣ್ಣನೋ ಅಕ್ಕನೋ ಡಿಗ್ರಿ ಮುಗಿಸಿ ಡ್ರಾಯರ್‌ಗೆ ಹಾಕಿದ್ದಿದ್ದರೆ ಅದನ್ನೇ ತೆಗೆಸಿ, ಎಲ್‌ಆರ್44 ಬಟನ್ ಸೆಲ್ ಒಂದು ಹಾಕಿಸಿ.