ಹೊಸ ಹಸಿರು ಪೇಂಟು ಹೊಡೆದ ಮಿಲಿಟರಿ ಟ್ರೇಲರ್ ಕಂಡರೆ ಹತ್ತಿರ ಹೋಗಬೇಡಿ

ತೋಟಕ್ಕೆ ಅಂತ ಮಿಲಿಟರಿ ಡಿಸ್ಪೋಸಲ್ (ಸೇನೆ ಬಳಸಿ ಹರಾಜಿಗೆ ಹಾಕಿದ) ಟ್ರೇಲರ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಹೊರಗಿರುವ ಒಂದು ಯಾರ್ಡಿನಿಂದ ಜೀಪ್ ಟ್ರೇಲರ್ ತಂದು 62 ಸಾವಿರ ಕಳೆದುಕೊಂಡು ಕೂತಿದ್ದೇನೆ. ಯಾರ್ಡಿನ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಇವರ ಕಸುಬು ಹೇಗೆ ನಡೆಯುತ್ತೆ ಅನ್ನೋದಾದರೂ ನಾಲ್ಕು ಜನಕ್ಕೆ ಗೊತ್ತಾಗಲಿ.

"ನಾನು ಆರ್ಮಿ ಜವಾನ, ಟ್ರಾನ್ಸ್‌ಫರ್ ಆಗಿದೆ, ಗಾಡಿ ಏರ್‌ಪೋರ್ಟಲ್ಲಿದೆ, ಅಡ್ವಾನ್ಸ್ ಹಾಕಿ" ಅನ್ನೋ ಆನ್‌ಲೈನ್ ಮೋಸ ಅಲ್ಲ ಇದು. ಅದು ಈಗ ಸ್ಕೂಲ್ ಮಕ್ಕಳಿಗೂ ಗೊತ್ತು. ಇಲ್ಲಿ ಯಾರ್ಡಿದೆ, ಮಾಲಿದೆ, ಆಫೀಸಲ್ಲಿ ದೇವರ ಫೋಟೋ ಇದೆ, ಟೀ ಕೂಡ ಕೊಡ್ತಾರೆ.

ಸಕಲೇಶಪುರದ ಕಡೆ ತೋಟ ಇರೋರಿಗೆ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಹತ್ತದ ಏರಿನಲ್ಲಿ ಗೊಬ್ಬರ, ಕಾಫಿ ಮೂಟೆ, ಸ್ಪ್ರೇ ಡ್ರಮ್ಮು ಸಾಗಿಸೋಕೆ ಜೀಪಿಗೆ ಕಟ್ಟುವ ಎರಡು ಚಕ್ರದ ಟ್ರೇಲರ್ ಬಿಟ್ಟರೆ ಬೇರೆ ಇಲ್ಲ. ಅದರಲ್ಲೂ ಮಿಲಿಟರಿದು ಅಂದರೆ ಗಟ್ಟಿ ಅಂತ ನಮ್ಮಲ್ಲಿ ಒಂದು ನಂಬಿಕೆ. ಆ ನಂಬಿಕೆಯನ್ನೇ ಇವರು ಮಾರ್ತಿರೋದು.

ಯಾರ್ಡಿನವನು ಕಳಿಸಿದ ಫೋಟೋದಲ್ಲಿ ಟ್ರೇಲರ್ ಫಳಫಳ ಹೊಳೀತಿತ್ತು. ಆಲಿವ್ ಗ್ರೀನ್ ಬಣ್ಣ, ಪಕ್ಕದಲ್ಲಿ ಬಿಳಿ ಬಾಣದ ಗುರುತಿನ ಆರ್ಮಿ ನಂಬರು, ಟಯರಿಗೆ ಕಪ್ಪು ಪಾಲಿಶ್. ನೋಡೋಕೆ ಹೋದಾಗ "ಎಂಎಸ್‌ಟಿಸಿ ಹರಾಜಲ್ಲಿ ನಾನೇ ಬಿಡ್ ಹಾಕಿ ಎತ್ಕೊಂಡ್ ಬಂದಿರೋದು ಸಾರ್. ಆರ್ಮಿ ಮೇಂಟೆನೆನ್ಸು. ಬೇರಿಂಗೆಲ್ಲಾ ಗ್ರೀಸ್ ಮಾಡ್ಸಿದೀನಿ. ಕೊಂಡಿ ಹಾಕ್ಕೊಂಡು ಹೋಗ್ತಾ ಇರಿ" ಅಂದ. (ಎಂಎಸ್‌ಟಿಸಿ ಅಂದರೆ ಇಲಾಖೆಗಳ ಹಳೇ ಮಾಲನ್ನು ಹರಾಜು ಹಾಕುವ ಸರ್ಕಾರಿ ಕಂಪನಿ.) ನಾನು ಕೇಳದೇ ಇದ್ದರೂ ತಾನೇ ಒಂದು ಚಕ್ರದ ಹಬ್ ಕ್ಯಾಪ್ (ಚಕ್ರದ ನಡುವೆ ಬೇರಿಂಗ್ ಕೂರುವ ಗುಂಬದ ಮುಚ್ಚಳ) ತಟ್ಟಿ ತೆಗೆದ. ಒಳಗೆ ಹಳದಿ ಬಣ್ಣದ ಹೊಚ್ಚ ಹೊಸ ಗ್ರೀಸು. ಬೆರಳಲ್ಲಿ ಬಳಿದು ನನ್ನ ಮುಖದ ಮುಂದೆ ಹಿಡಿದು "ನೋಡಿ ಸಾರ್" ಅಂದ. ಈ ಬೆರಳು ನೆನಪಿಟ್ಟುಕೊಳ್ಳಿ.

ದುಡ್ಡು ಕೊಟ್ಟೆ, ನಮ್ಮ ಮಹೀಂದ್ರಾ ಮೇಜರ್ ಜೀಪಿಗೆ ಕಟ್ಟಿಕೊಂಡು ಹೊರಟೆ. ನೆಲಮಂಗಲ ದಾಟೋದರೊಳಗೆ ಕೊಂಡಿಯಲ್ಲಿ ಢಣ್ ಢಣ್ ಶುರು. ಟ್ರೇಲರಿನ ಉಂಗುರ ದೊಡ್ಡದು, ಜೀಪಿನ ಪಿನ್ನು ಸಣ್ಣದು, ಬ್ರೇಕ್ ಹಿಡಿದಾಗೆಲ್ಲ ಹಿಂದಿನಿಂದ ಗುದ್ದು. ಫೋನ್ ಮಾಡಿದರೆ "ಮಿಲಿಟರಿ ಗಾಡೀಲಿ ಆ ಸೌಂಡ್ ಇರತ್ತೆ ಸಾರ್, ಅದೇ ಮಜಾ" ಅಂತ ನಕ್ಕ. ಮಜಾ ಅಂತೆ.

ಹಿರೀಸಾವೆ ಹತ್ತಿರ ಸುಟ್ಟ ವಾಸನೆ. ಕನ್ನಡಿಯಲ್ಲಿ ನೋಡಿದರೆ ಎಡಗಡೆ ಚಕ್ರದಿಂದ ಹೊಗೆ. ನಿಲ್ಲಿಸಿ ಬಾಟಲಿ ನೀರು ಹಾಕಿದರೆ ಹಬ್ ಮೇಲೆ ಚುರ್ ಅಂತು. ಪಕ್ಕದ ಪಂಚರ್ ಅಂಗಡಿಯವರು ಪಾಪ ಕೆಲಸ ಬಿಟ್ಟು ಬಂದರು. ಹಬ್ ಬಿಚ್ಚಿದರು. ಹೊರಗಿನ ಬೇರಿಂಗ್ ಮೇಲೆ ಮಾತ್ರ ಆ ಹಳದಿ ಗ್ರೀಸು, ಅದೂ ಮೇಲೆ ಮೇಲೆ. ಒಳಗಿನ ಬೇರಿಂಗಲ್ಲಿ ಇದ್ದದ್ದು ಕರ್ರಗೆ ಗಟ್ಟಿಯಾದ, ಸುಟ್ಟ ಬೆಲ್ಲದ ಪಾಕದಂಥ ಹಳೇ ಗ್ರೀಸು. ರೋಲರುಗಳು ಕಾದು ಕಾದು ನೀಲಿಗೆ ತಿರುಗಿದ್ದವು. ಅವರು ನನ್ನ ಮುಖ ನೋಡಿ, "ಸಾರ್, ಇದು ತೋರ್ಸೋಕೆ ಹಾಕಿರೋ ಗ್ರೀಸು, ಓಡ್ಸೋಕೆ ಹಾಕಿರೋದಲ್ಲ" ಅಂದರು.

ಆ ಮಾತು ಕೇಳಿದಾಗ ಆದ ಅವಮಾನ ಹೇಳೋಕಾಗಲ್ಲ. ಹೆದ್ದಾರಿ ಪಕ್ಕ ನಿಂತಿದೀನಿ, ಅಂಗಡಿ ಹುಡುಗರು ಬಾಯಿ ಮುಚ್ಕೊಂಡು ನಗ್ತಿದಾರೆ. ಆತ ಬೆರಳಲ್ಲಿ ಗ್ರೀಸು ಹಿಡಿದದ್ದೇ ಕಣ್ಣ ಮುಂದೆ ಬರ್ತಿತ್ತು. ಅಂದರೆ ಗ್ರೀಸ್ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕ್ಯಾಪ್ ತೆಗೆದು ತೋರಿಸಿದ್ದ.

ಅಂಗಡಿಯವರೇ ಟಯರಿನ ಪಾಲಿಶ್ ಒರೆಸಿ ತಯಾರಾದ ತಾರೀಖು ತೋರಿಸಿದರು. 2000ದಿಂದ ಈಚೆಗಿನ ಟಯರುಗಳಲ್ಲಿ ಅದು 4 ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಟಯರಲ್ಲಿ ಇದ್ದದ್ದು 3 ಅಂಕಿ! ಅಂದರೆ ಕಳೆದ ಶತಮಾನದ ಟಯರು ಮಾರಾಯ್ರೆ. ಬಟನ್ (ನೆಲಕ್ಕೆ ತಾಗುವ ಉಬ್ಬು) ಸವೆದಿಲ್ಲ, ಆದರೆ ಸೈಡಲ್ಲಿ ಬೆರಳುಗುರು ಹೋಗುವಷ್ಟು ಬಿರುಕು.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು "ನೀವು ಸ್ಪೀಡಾಗಿ ಹೊಡ್ದಿದೀರ." ಆಮೇಲೆ "ಬೇರಿಂಗ್ ಅಂದ್ರೆ ಹೋಗತ್ತೆ ಸಾರ್, ಮನುಷ್ಯರೇ ಹೋಗ್ತಾರೆ." ಆಮೇಲೆ "ನೋಡಿ ಸಾರ್, ಸರ್ಕಾರ ನಮ್ಗೆ ಕೊಡೋದೇ ಆಸ್ ಈಸ್ ವೇರ್ ಈಸ್." ಸರ್ಕಾರಿ ಹರಾಜಿನಲ್ಲಿ ಆ ಷರತ್ತು ಇರೋದು ನಿಜ, ಹೇಗಿದೆಯೋ ಹಾಗೆ ಎತ್ತಿಕೊಂಡು ಹೋಗಬೇಕು. ಅದು ಇಲಾಖೆಗೂ ಅವನಿಗೂ ಇರೋ ಒಪ್ಪಂದ. ನನಗೆ ಅವನು ಹೇಳಿದ್ದು "ಕೊಂಡಿ ಹಾಕ್ಕೊಂಡು ಹೋಗ್ತಾ ಇರಿ" ಅಂತ.

ಚನ್ನರಾಯಪಟ್ಟಣದಿಂದ ಬೇರಿಂಗ್ ತರಿಸಿ ಹಾಕೋ ಹೊತ್ತಿಗೆ ಕತ್ತಲಾಯ್ತು. ಲೈಟ್ ಹಾಕಿದರೆ ಹಿಂದೆ ಮಿಣುಕು ಮಿಣುಕು. ಮಿಲಿಟರಿ ವೈರಿಂಗು 24 ವೋಲ್ಟು, ಜೀಪು 12. ಬಲ್ಬು ಬದಲಾಯಿಸದೆ ಟೇಪ್ ಸುತ್ತಿ ಕೊಟ್ಟಿದ್ದ. ಹಗಲಲ್ಲಿ ತೋರಿಸಿದ್ದ, ಸ್ವಲ್ಪ ಕೆಂಪಗೆ ಕಂಡಿತ್ತು. ಬಲ್ಬಿನ ಬುಡದಲ್ಲೇ ವೋಲ್ಟ್ ಬರೆದಿರತ್ತೆ, ಬಿಚ್ಚಿಸಿ ನೋಡಿ.

ಹಾಸನ ಬೈಪಾಸಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಇನ್‌ಸ್ಪೆಕ್ಟರು ಟಾರ್ಚ್ ಹಾಕಿ ಬಾಣದ ಗುರುತು ನೋಡಿ, "ಯಾವ ರೆಜಿಮೆಂಟು ಸಾರ್ ತಮ್ದು?" ಅಂತ ಕೇಳಿದರು. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆ ಬಿಟ್ಟು ಬೇರೆ ಯಾರ ವಾಹನವೂ ಆಲಿವ್ ಗ್ರೀನ್ ಬಣ್ಣದಲ್ಲಿ ಇರುವಂತಿಲ್ಲ. ಕಾನೂನಿನ ಲೆಕ್ಕದಲ್ಲಿ ಟ್ರೇಲರೂ ಮೋಟಾರು ವಾಹನವೇ, ಅದಕ್ಕೂ ರಿಜಿಸ್ಟ್ರೇಶನ್ ಬೇಕು. ಯಾರ್ಡಿನವನು ಹೇಳಿದ್ದೇನು? "ಆ ಕಲರ್ ನೋಡಿದ್ರೆ ಯಾರೂ ಕೈ ಅಡ್ಡ ಹಾಕಲ್ಲ ಸಾರ್." ಅದೇ ಕಲರ್ ನೋಡಿಯೇ ಹಾಕಿದ್ದು! ದಂಡ ಕಟ್ಟಿಸಿಕೊಂಡು, ಬಾಣದ ಮೇಲೆ ಅಲ್ಲೇ ಪೇಪರ್ ಅಂಟಿಸಿ ಬಿಟ್ಟರು.

ಊರಿಗೆ ಬಂದ ಮೇಲೆ ವೆಲ್ಡಿಂಗ್ ಮೇಸ್ತ್ರಿ ಸುತ್ತಿಗೆಯಲ್ಲಿ ತಟ್ಟಿದರು. ಕಬ್ಬಿಣದ ಸದ್ದು ಬರಬೇಕಾದ ಕಡೆ ಬದ್ ಬದ್ ಅಂತು. ಪೇಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ನೆಲ ಕಾಣತ್ತೆ. ಉಂಗುರ ಸೇರುವ ಕತ್ತಿನ ವೆಲ್ಡು ಅರ್ಧ ಸೀಳಿತ್ತು. ಅದು ದಾರಿಯಲ್ಲಿ ಕಳಚಿದ್ದರೆ ಹಿಂದೆ ಬರುವ ಬೈಕಿನವರ ಗತಿ?

ಕೊನೆಯದು ಪೇಪರು. ಡೆಲಿವರಿ ಆರ್ಡರಿನ (ಹರಾಜಿನ ಮಾಲು ಎತ್ತಿಕೊಳ್ಳೋಕೆ ಕೊಡುವ ಪತ್ರ) ಜೆರಾಕ್ಸ್ ಕೊಟ್ಟಿದ್ದ, ಆರ್‌ಟಿಒ ಆಫೀಸಲ್ಲಿ ಪರಿಚಯದವರು ಓದಿ ಹೇಳಿದರು: ಇದರಲ್ಲಿ ಟ್ರೇಲರ್ ಅಂತಾನೇ ಇಲ್ಲ, ಛಾಸಿ ನಂಬರಿಲ್ಲ, ಇರೋದು ಗುಜರಿ ಲಾಟು, ತೂಕದ ಲೆಕ್ಕ. ಇದನ್ನಿಟ್ಟುಕೊಂಡು ರಿಜಿಸ್ಟರ್ ಮಾಡೋಕಾಗಲ್ಲ. ಟ್ರೇಲರಿನ ಮೇಲಿದ್ದ ನಂಬರ್ ಪ್ಲೇಟಿನ ರಿವಿಟ್ಟುಗಳು ಹೊಸವು, ಅಂಗಡೀಲಿ ಸಿಗೋ ಅಲ್ಯೂಮಿನಿಯಂ ಪಾಪ್ ರಿವಿಟ್ಟು. ಅಂದರೆ ಆ ಪ್ಲೇಟನ್ನೂ ಆಮೇಲೆ ಕೂರಿಸಿದ್ದು.

ವಾಟ್ಸಾಪಲ್ಲಿ ಎಲ್ಲ ಫೋಟೋ ಕಳಿಸಿದೆ. ನೀಲಿ ಗೀಟು ಬಂತು, ಉತ್ತರ ಇಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಬಂದ ಸಂದೇಶ: "ಬೇಡ ಅಂದ್ರೆ ತಂದ್ಬಿಡಿ ಸಾರ್, ಕೆಜಿ ಲೆಕ್ಕದಲ್ಲಿ ನಾನೇ ತಗೋತೀನಿ." ನಾಚಿಕೆ ಅನ್ನೋದು ಬೇಡವಾ?

ಕೊಳ್ಳಲೇಬೇಕು ಅಂತಿದ್ದರೆ ಕೇಳಿ. ಬಣ್ಣ ಮಾಸಿದ, ತುಕ್ಕು ಕಾಣುವ ಟ್ರೇಲರೇ ವಾಸಿ, ಕನಿಷ್ಠ ಏನಿದೆ ಅಂತ ಗೊತ್ತಾಗತ್ತೆ. ಹೊಸ ಹಸಿರು ಪೇಂಟು ಅಂದರೆ ಏನೋ ಮುಚ್ಚಿದಾರೆ ಅಂತಲೇ ಅರ್ಥ. ಕ್ಯಾಪ್ ಅಲ್ಲ, ಹಬ್ಬೇ ಬಿಚ್ಚಿಸಿ. ಅಸಲು ಪೇಪರಲ್ಲಿ ಛಾಸಿ ನಂಬರ್ ನೋಡದೆ ಒಂದು ರೂಪಾಯಿ ಕೊಡಬೇಡಿ. ಎಳೆದುಕೊಂಡು ಹೋಗೋ ಶೋಕಿ ಬೇಡ, ಕ್ಯಾಂಟರ್ ಮೇಲೆ ಹಾಕಿಸಿ ತನ್ನಿ.

ಜಿಎಸ್‌ಟಿ ಬಿಲ್ ಕೇಳಿದಾಗ "ಆಮೇಲೆ ಕಳಿಸ್ತೀನಿ" ಅಂದಿದ್ದ, ಈವರೆಗೂ ಬಂದಿಲ್ಲ. ಫೋನ್‌ಪೇ ರಶೀದಿ, ಆ ವಾಟ್ಸಾಪ್ ಮಾತು, ನೀಲಿಯಾದ ಬೇರಿಂಗು ಮೂರೂ ಎತ್ತಿಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ದಾಖಲಾಗಿದೆ. ಇದೇ ಥರ ಯಾರಿಗಾದರೂ ಆಗಿದ್ದರೆ ನೀವೂ ದೂರು ಹಾಕಿ. ನಿನ್ನೆ ಅವನ ಸ್ಟೇಟಸಲ್ಲಿ ಇನ್ನೊಂದು ಟ್ರೇಲರ್ ಇತ್ತು, ಪೇಂಟ್ ಇನ್ನೂ ಒಣಗಿರಲಿಲ್ಲ.