ಮಾಡೆಲ್ 625: ಬಿಲ್ಲೆ ನೆಟ್ಟಗಿದ್ದರೆ ಬಂದೂಕೂ ನೆಟ್ಟಗೆ
ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿಯ ಮಾಡೆಲ್ 625, .45 ಎಸಿಪಿ ಕಾಡತೂಸುಗಳನ್ನು ಬಳಸುವ, ಆರು ಕೋಣೆಗಳ ಸ್ಟೇನ್‌ಲೆಸ್ ಉಕ್ಕಿನ ರಿವಾಲ್ವರ್. 1999ರಲ್ಲಿ ಅಮೆರಿಕದ ಶೂಟಿಂಗ್ ಸ್ಪರ್ಧಿ ಜೆರ್ರಿ ಮಿಕುಲೆಕ್ ಇದೇ ಮಾದರಿಯಿಂದ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಲು ತೆಗೆದುಕೊಂಡದ್ದು 2.99 ಸೆಕೆಂಡು. ಆ ವೇಗದಲ್ಲಿ ಅವರ ಕೈಚಳಕದ ಜೊತೆಗೆ, ಆರೂ ಕಾಡತೂಸುಗಳನ್ನು ಒಟ್ಟಾಗಿ ಹಿಡಿದಿಡುವ ಮೂನ್ ಕ್ಲಿಪ್ ಎಂಬ ತೆಳು ಲೋಹದ ಬಿಲ್ಲೆಗೂ ಪಾಲಿದೆ.

ಆದರೆ ಈ ಬಿಲ್ಲೆ ತುಸು ಬಾಗಿದರೂ ಸಿಲಿಂಡರ್ ಉಜ್ಜಿಕೊಂಡು ಟ್ರಿಗರ್ ಬಿಗಿಯಾಗುವುದರಿಂದ, ಸ್ಪರ್ಧೆಗೆ ಮುನ್ನ ಪ್ರತಿಯೊಂದನ್ನೂ ಸಮತಟ್ಟಾದ ಗಾಜಿನ ಮೇಲಿಟ್ಟು ನೋಡುವುದು ಒಳ್ಳೆಯದು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೋಶಗಳನ್ನು ಬೆರಳಿನಿಂದ ಕಿತ್ತು ಬಿಲ್ಲೆ ಹಾಳುಮಾಡುವವರೇ ಹೆಚ್ಚು, ಅದಕ್ಕೆಂದೇ ಸಿಗುವ ಸಾಧನವನ್ನು ಕೊಳ್ಳಲು ಜಿಪುಣತನ ಬೇಡ.

ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಯೋಗಿಕ ಶೂಟಿಂಗ್ ಸಂಘ) ಸ್ಪರ್ಧೆಗಳಲ್ಲಿ ಬಲವಾದ ಗುಂಡುಗಳ ಮೇಜರ್ ದರ್ಜೆಗೆ ಬೇಕಾದ ಪವರ್ ಫ್ಯಾಕ್ಟರ್ 165. ಗ್ರೇನ್ ಎಂಬ ಪುಟ್ಟ ಅಳತೆಯಲ್ಲಿನ ಗುಂಡಿನ ತೂಕವನ್ನು ಸೆಕೆಂಡಿಗೆ ಅದು ಸಾಗುವ ಅಡಿಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. 230 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 740 ಅಡಿ ಸಾಗಿದರೆ 170 ದೊರೆಯುತ್ತದೆ. ದುಂಡು ಮೂತಿಯ ಗುಂಡುಗಳು ಕೋಣೆಗೆ ಸಲೀಸಾಗಿ ಜಾರುತ್ತವೆ. ಟ್ರಿಗರ್ ಹಗುರವಾಗಲೆಂದು ಸ್ಪ್ರಿಂಗ್ ಸಡಿಲಿಸುವವರು ಮೃದುವಾದ ಪ್ರೈಮರನ್ನೇ (ಏಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ, ಕಾಡತೂಸಿನ ತಳದ ಪುಟ್ಟ ಭಾಗ) ಆರಿಸಬೇಕು, ಇಲ್ಲದಿದ್ದರೆ ಕಾಡತೂಸು ಸಿಡಿಯದೆ ಉಳಿಯಬಹುದು.

ನಿರ್ವಹಣೆ ಸರಳ. ಖಾಲಿ ಕೋಶಗಳನ್ನು ಹೊರದೂಡುವ ಎಕ್ಸ್‌ಟ್ರಾಕ್ಟರಿನ ಅಡಿಯಲ್ಲಿ ಸುಡದ ಮದ್ದಿನ ಕಣ ಸಿಕ್ಕಿಕೊಂಡರೆ ಸಿಲಿಂಡರ್ ಮುಚ್ಚುವುದೇ ಕಷ್ಟವಾದ್ದರಿಂದ, ಸ್ಪರ್ಧೆಯ ಸುತ್ತುಗಳ ನಡುವೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಅಲ್ಲಿ ಒಮ್ಮೆ ಉಜ್ಜಿದರೆ ಸಾಕು.